ನಮ್ಮತ್ತೆ ನೋವು ಒಪ್ಪಿಕೊಂಡದ್ದು

ಅಂಚೆ ಕಚೇರಿಯ ಕೌಂಟರಿನಲ್ಲಿ ವರ್ಷಗಟ್ಟಲೆ ಕೂತು ನಾನು ಸುಳ್ಳು ಹಿಡಿಯುವುದರಲ್ಲಿ ಪಳಗಿದ್ದೆ. ಪಾರ್ಸೆಲಿನಲ್ಲಿ ಬರೀ ಬಟ್ಟೆ ಇದೆ ಎನ್ನುವವರ ಮುಖ ನೋಡಿದರೆ ಸಾಕು, ಒಳಗೆ ಉಪ್ಪಿನಕಾಯಿ ಇದೆಯೋ ಇಲ್ಲವೋ ಹೇಳಿಬಿಡುತ್ತಿದ್ದೆ. ಅಂಥವಳು ನನ್ನ ಮನೆಯಲ್ಲೇ ಇದ್ದ ಒಬ್ಬ ಮುದುಕಿಯ ಸುಳ್ಳನ್ನು ಐದು ತಿಂಗಳು ಹಿಡಿಯಲಿಲ್ಲ. ಹಿಡಿಯುವುದು ಒತ್ತಟ್ಟಿಗಿರಲಿ, ಆ ಸುಳ್ಳಿಗೆ ಸೀರೆ ಉಡಿಸಿ, ಕುಂಕುಮ ಇಟ್ಟು, ಮಾತ್ರೆ ನುಂಗಿಸಿ ಡಾಕ್ಟರ ಮುಂದೆ ಕೂರಿಸಿದವಳೂ ನಾನೇ. ಇದನ್ನು ಬರೆಯುವಾಗ ಈಗಲೂ ನನಗೆ ನನ್ನ ಮೇಲೆ ಸಿಟ್ಟು ಬರುತ್ತದೆ.

ಆ ಮುದುಕಿ ನಮ್ಮತ್ತೆ. ಧಾರವಾಡದ ಕಡೆಯ ಹಳ್ಳಿಯಿಂದ ಮದುವೆಯಾಗಿ ಪುಣೆಯ ಖಡಕಿಗೆ ಬಂದವರು. ಮಾವ ಅಲ್ಲಿಯ ಕಾರ್ಖಾನೆಯಲ್ಲಿ ಸ್ಟೋರ್‌ಕೀಪರ್ ಆಗಿದ್ದರು. ಅವರು ಹೋದ ಮೇಲೆ ನನ್ನ ಗಂಡನಿಗೆ ಅಲ್ಲೇ ಕೆಲಸ ಸಿಕ್ಕಿತು, ಅದೇ ಸಾಲಿನಲ್ಲಿ ಕ್ವಾರ್ಟರ್ಸೂ ಸಿಕ್ಕಿತು. ನಾನು ತೊಂಬತ್ತರ ದಶಕದ ನಡುವಿನಲ್ಲಿ ಬೆಳಗಾವಿಯಿಂದ ಆ ಮನೆಗೆ ಸೊಸೆಯಾಗಿ ಬಂದೆ. ಬಂದ ಎರಡನೇ ವರ್ಷಕ್ಕೆ ಅತ್ತೆಗೆ ಎದೆಯ ಕ್ಯಾನ್ಸರ್ ಎಂದು ತಿಳಿಯಿತು. ಎಡಗಡೆಯ ಮೊಲೆ ತೆಗೆದರು. ಆಸ್ಪತ್ರೆಯಿಂದ ಮನೆಗೆ ಬಂದು ಎರಡು ತುತ್ತು ಉಂಡವರೇ, ಸಾರಿಗೆ ಉಪ್ಪು ಹೆಚ್ಚಾಗಿದೆ ಎಂದರು. ಆಪರೇಷನ್ನಿನ ಬಗ್ಗೆ ಅವರು ಆಡಿದ್ದು ಅಷ್ಟೇ.

ಆದರೆ ಅಂದಿನಿಂದ ಒಂದು ಬದಲಾವಣೆಯಾಯಿತು. ಮೊದಲೆಲ್ಲ ಅತ್ತೆ ಬಚ್ಚಲಿನ ಬಾಗಿಲು ಅರೆಬರೆ ಮುಚ್ಚಿಕೊಂಡು, ಒಳಗಿನಿಂದಲೇ ಒಲೆಯ ಮೇಲಿನ ಹಾಲಿನ ಬಗ್ಗೆ ನನಗೆ ಅಪ್ಪಣೆ ಕೊಡುತ್ತ ಜಳಕ ಮಾಡುತ್ತಿದ್ದರು. ಆಮೇಲೆ ಒಳಗೆ ಹೋದರೆ ಚಿಲಕ ಬೀಳುತ್ತಿತ್ತು. ಆ ಗಾಯದ ಗುರುತನ್ನು ನಾನು ನೋಡಲಿಲ್ಲ. ಅವರ ಸ್ವಂತ ತಂಗಿ ಊರಿಂದ ಬಂದು ಹದಿನೈದು ದಿನ ಇದ್ದು ಹೋದರೂ ನೋಡಲಿಲ್ಲ. ಕೇಳುವ ಧೈರ್ಯ ನಮಗೂ ಇರಲಿಲ್ಲ.

ಏಳೆಂಟು ವರ್ಷ ಏನೂ ಆಗಲಿಲ್ಲ. ರೋಗ ಹೋಯಿತೆಂದೇ ನಾವು ನಂಬಿದೆವು. ಹಡಪಸರದ ಹತ್ತಿರ ಮಗರಪಟ್ಟಾದಲ್ಲಿ ಕಬ್ಬು ಬೆಳೆಯುತ್ತಿದ್ದ ನೆಲದ ಮೇಲೆ ಎತ್ತರದ ಕಟ್ಟಡಗಳು ಎದ್ದು, ಜನ ಬಂದು ಇರಲು ಶುರು ಮಾಡಿದ ಕಾಲ ಅದು. ಅತ್ತೆಗೆ ಬೆನ್ನು ನೋವು ಬಂತು. ವಾಯು ಎಂದರು, ವಯಸ್ಸು ಎಂದರು. ಎಣ್ಣೆ ತಿಕ್ಕಿದ್ದಾಯಿತು, ಸೊಂಟಕ್ಕೆ ಬೆಲ್ಟು ಕಟ್ಟಿದ್ದಾಯಿತು. ಕೊನೆಗೆ ಸ್ಕ್ಯಾನ್ ಮಾಡಿಸಿದಾಗ ಹಳೆಯ ರೋಗವೇ ಬೆನ್ನೆಲುಬಿಗೆ ಬಂದು ಕೂತಿದೆ ಎಂದು ಗೊತ್ತಾಯಿತು. ಕ್ಯಾನ್ಸರ್ ಡಾಕ್ಟರು ಹತ್ತು ದಿನ ವಿಕಿರಣ ಕೊಡಿಸಿದರು, ಮಾತ್ರೆ ಬರೆದುಕೊಟ್ಟರು. ನೋವು ಅರ್ಧ ಇಳಿಯಿತು. ಒಂದು ಬೆಳಿಗ್ಗೆ ಅತ್ತೆ ಬಚ್ಚಲಿನಲ್ಲಿ ನೀರಿನ ಬಕೆಟ್ಟನ್ನು ಹತ್ತಿರಕ್ಕೆ ಎಳೆದುಕೊಳ್ಳಲು ಬಾಗಿದಾಗ ಬೆನ್ನಿನ ಒಳಗೆ ಏನೋ ಕಳಚಿದ ಹಾಗಾಯಿತಂತೆ. ಅಂದಿನಿಂದ ಅವರಿಗೆ ಏಳಲು ಕೂರಲು ಆಸರೆ ಬೇಕಾಯಿತು, ಜಳಕಕ್ಕೆ ನಾನು ಬೇಕಾದೆ.

ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎಂಬ ಮಾತನ್ನು ಎಲ್ಲರೂ ಸೊಸೆ ಗೆದ್ದಳು ಎಂಬ ಹಾಗೆ ಆಡುತ್ತಾರೆ. ಆ ಗೆಲುವು ಹೇಗಿರುತ್ತದೆ ಎಂದು ನನಗೆ ಬಚ್ಚಲಿನಲ್ಲಿ ಗೊತ್ತಾಯಿತು. ಅತ್ತೆ ಲಂಗವನ್ನು ಎದೆಯ ಮೇಲಿನವರೆಗೆ ಎತ್ತಿ ಬಿಗಿಯಾಗಿ ಕಟ್ಟಿಕೊಂಡು, ಹೆಗಲ ಮೇಲೆ ಟವೆಲ್ ಹೊದ್ದು, ಕಣ್ಣು ಮುಚ್ಚಿಕೊಂಡು ಸ್ಟೂಲಿನ ಮೇಲೆ ಕೂರುತ್ತಿದ್ದರು. ಮೊದಲ ತಂಬಿಗೆಯಿಂದ ಕೊನೆಯ ತಂಬಿಗೆಯವರೆಗೆ ಕಣ್ಣು ತೆರೆಯುತ್ತಿರಲಿಲ್ಲ. ನಾನು ಗೋಡೆ ನೋಡುತ್ತ ನೀರು ಹಾಕುತ್ತಿದ್ದೆ. ಅದು ಜಳಕವಲ್ಲ, ಇಬ್ಬರಿಗೂ ಶಿಕ್ಷೆ. ಒಂದು ದಿನ ತಲೆ ಒರೆಸುವಾಗ ಅವರು ಮೆಲ್ಲಗೆ ಹೇಳಿದರು.

"ನನಗ ಬ್ಯಾರೆ ಏನೂ ಬ್ಯಾಡವಾ. ಇನ್ನ ಎಷ್ಟು ದಿವಸ ಇರ್ತೀನಿ ಅಂತನೂ ಕೇಳೂದಿಲ್ಲ. ನನ್ನ ಜಳಕ ನಾ ಮಾಡ್ಕೊಳ್ಳೂವಂಗ ಆದ್ರ ಸಾಕು."

ಅಂದಿನಿಂದ ನನಗೂ ಅದೊಂದೇ ಬೇಕಾಯಿತು.

ತಿಂಗಳಿಗೊಮ್ಮೆ ಬುಧವಾರ ಹತ್ತು ಗಂಟೆಗೆ ಕ್ಯಾನ್ಸರ್ ಡಾಕ್ಟರನ್ನು ಕಾಣಬೇಕಿತ್ತು. ಆ ಬುಧವಾರ ನಮ್ಮ ಮನೆಯಲ್ಲಿ ಮದುವೆಗೆ ಹೊರಟಷ್ಟು ಗಡಿಬಿಡಿ. ದೊಡ್ಡ ಮನುಷ್ಯರನ್ನು ಕಾಣಲು ಹೋಗುವಾಗ ಹೇಗೆಂದರೆ ಹಾಗೆ ಹೋಗಬಾರದು ಎಂಬುದು ನಮ್ಮತ್ತೆಯ ಕಟ್ಟುನಿಟ್ಟು. ಇಳಕಲ್ ಸೀರೆ ಆಗಬೇಕು. ಕುಂಕುಮವನ್ನು ಮಾವ ಹೋದ ಮೇಲೂ ಅವರು ಬಿಟ್ಟಿರಲಿಲ್ಲ, ಅದೂ ನೆಟ್ಟಗೆ ಇರಬೇಕು. ಡಾಕ್ಟರ ಮುಂದೆ ನರಳಿದರೆ ಅವಮಾನ, ಆದ್ದರಿಂದ ನೋವಿನ ಮಾತ್ರೆಯನ್ನು ಒಂಬತ್ತಕ್ಕೆ ಸರಿಯಾಗಿ ನುಂಗಬೇಕು. ಆ ಮಾತ್ರೆಯನ್ನು ಗಡಿಯಾರ ನೋಡಿ ಅಂಗೈಯಲ್ಲಿ ಇಡುತ್ತಿದ್ದವಳು ನಾನು. ಡಾಕ್ಟರು ಬೆನ್ನು ಒತ್ತಿ, ಹೇಗಿದೆ ಆಜಿ ಎಂದು ಮರಾಠಿಯಲ್ಲಿ ಕೇಳುವ ಹೊತ್ತಿಗೆ ಮಾತ್ರೆ ಪೂರ್ತಿ ಏರಿರುತ್ತಿತ್ತು. ಅತ್ತೆ ಬೆನ್ನು ನೆಟ್ಟಗೆ ಮಾಡಿ, ಚೆನ್ನಾಗಿದ್ದೇನೆ ಸಾಹೇಬರೇ, ನಿಮ್ಮ ಮನೆಯಲ್ಲಿ ಎಲ್ಲ ಕ್ಷೇಮವೇ ಎಂದು ತಿರುಗಿ ಕೇಳುತ್ತಿದ್ದರು. ಡಾಕ್ಟರು ನಕ್ಕು, ಅದನ್ನೇ ಬರೆದುಕೊಂಡು, ಅದೇ ಮಾತ್ರೆಯನ್ನು ಮುಂದುವರಿಸುತ್ತಿದ್ದರು.

ಅತ್ತೆಯನ್ನೊಬ್ಬರನ್ನೇ ದೂರಿ ಪ್ರಯೋಜನವಿಲ್ಲ. ನಮ್ಮ ಕಡೆಯವರೆಲ್ಲ ಹೀಗೇ. ಆರಾಮ ಇದ್ದೀರೇನು ಎಂದು ಯಾರಾದರೂ ಕೇಳಿದರೆ, ಮೈಯಲ್ಲಿ ಜ್ವರ ಸುಡುತ್ತಿದ್ದರೂ ಹೂಂ ಎನ್ನಬೇಕು. ಕೇಳಿದವರನ್ನು ಕಷ್ಟಕ್ಕೆ ಸಿಕ್ಕಿಸಬಾರದು. ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಅತ್ತೆ ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದರು. ಅವರು ಅಷ್ಟು ಗಂಭೀರವಾಗಿ ಕೂತದ್ದನ್ನು ನೋಡಿ ನನಗೂ ಒಳಗೊಳಗೇ ಹೆಮ್ಮೆ. ನಾವಿಬ್ಬರೂ ಸೇರಿ ಒಬ್ಬ ಒಳ್ಳೆಯ ಡಾಕ್ಟರಿಗೆ ಐದು ತಿಂಗಳು ಮೋಸ ಮಾಡಿದೆವು.

ಇನ್ನು ಮನೆಯಲ್ಲಿ ಅವರ ನೋವು ನನಗೇಕೆ ಕಾಣಲಿಲ್ಲ ಎಂಬುದನ್ನು ಹೇಳಬೇಕು. ಖಡಕಿಯಲ್ಲಿ ಕಾರ್ಖಾನೆಯ ಪಾಳಿಗೆ ಭೋಂಗಾ, ಅಂದರೆ ಸೈರನ್, ಕೂಗುತ್ತದೆ. ಬೆಳಿಗ್ಗೆ, ಮಧ್ಯಾಹ್ನ ನಾನೂ ಅಂಚೆ ಕಚೇರಿಯಿಂದ ಮನೆಗೆ ಬರುವ ಊಟದ ಹೊತ್ತಿಗೆ, ಸಂಜೆ ಬಿಡುವ ಹೊತ್ತಿಗೆ. ಕ್ವಾರ್ಟರ್ಸಿನ ಕಿಟಕಿಗಳು ನಡುಗುವಷ್ಟು ದೊಡ್ಡ ಸದ್ದು. ಅದು ಕೂಗುವಾಗ ಎದುರಿಗಿದ್ದವರ ಮಾತೂ ಕೇಳುವುದಿಲ್ಲ. ಅತ್ತೆ ಮಂಚದ ಸರಳು ಹಿಡಿದು ತಾವೇ ಹಾಸಿಗೆಯಿಂದ ಏಳುತ್ತಿದ್ದದ್ದು, ಮತ್ತೆ ಮಲಗುತ್ತಿದ್ದದ್ದು ಸರಿಯಾಗಿ ಭೋಂಗಾದ ಹೊತ್ತಿಗೇ. ಇಷ್ಟು ಕಾಯಿಲೆಯಲ್ಲೂ ನಮ್ಮತ್ತೆ ಕಾರ್ಖಾನೆಯ ಟೈಮ್ ತಪ್ಪಿಸುವುದಿಲ್ಲ ಎಂದು ನಾನು ಪಕ್ಕದ ಮನೆಯಲ್ಲಿ ಕೊಚ್ಚಿಕೊಂಡದ್ದೂ ಉಂಟು. ರವಿವಾರ ಭೋಂಗಾ ಇರುತ್ತಿರಲಿಲ್ಲ. ಆದರೆ ರವಿವಾರ ಬೆಳಿಗ್ಗೆ ನಾವು ಗಂಡ ಹೆಂಡತಿ ಖಡಕಿ ಬಜಾರಿಗೆ ತರಕಾರಿಗೆ ಹೋಗುತ್ತಿದ್ದೆವು. ತಿರುಗಿ ಬರುವಷ್ಟರಲ್ಲಿ ಅತ್ತೆ ಎದ್ದು ಕುರ್ಚಿಯಲ್ಲಿ ಕೂತಿರುತ್ತಿದ್ದರು.

ಒಂದು ರವಿವಾರ ನನಗೆ ನೆಗಡಿಯಾಗಿ ತಲೆ ಭಾರವಿತ್ತು. ಇವರೊಬ್ಬರೇ ಬಜಾರಿಗೆ ಹೋದರು. ನಾನು ಚಹಾ ಮಾಡಿ ಅತ್ತೆಯ ಹತ್ತಿರ ಒಯ್ದೆ. ಅವರು ಏಳಲಿಲ್ಲ. ನೀನು ಹೋಗಲಿಲ್ಲವೇ ಎಂದು ಕೇಳಿದರು, ಸ್ವಲ್ಪ ಹೊತ್ತಿಗೆ ಮತ್ತೆ ಅದನ್ನೇ ಕೇಳಿದರು. ಎಬ್ಬಿಸಲೇ ಎಂದರೆ ಬೇಡ ಎಂದರು. ಚಹಾ ಆರಿತು. ಆಮೇಲೆ ಇದ್ದಕ್ಕಿದ್ದ ಹಾಗೆ, ಶೇಂಗಾ ಚಟ್ನಿ ಮುಗಿದಿರಬೇಕು, ಹೋಗಿ ಮಿಕ್ಸರ್ ಹಚ್ಚು ಎಂದರು. ಡಬ್ಬಿ ತುಂಬ ಚಟ್ನಿ ಇದೆ ಎಂದೆ. ಹಾಗಾದರೆ ಕೊಬ್ಬರಿ ಪುಡಿ ಮಾಡು ಎಂದರು. ಹಾಸಿಗೆಯಲ್ಲಿ ಮಲಗಿದರೂ ಸೊಸೆಯನ್ನು ಕೂರಗೊಡುವುದಿಲ್ಲವಲ್ಲ ಈ ಹೆಂಗಸು ಎಂದು ಗೊಣಗುತ್ತ, ಮೂಗು ಒರೆಸಿಕೊಳ್ಳುತ್ತ ಅಡುಗೆಮನೆಗೆ ಹೋಗಿ ಮಿಕ್ಸರ್ ಹಚ್ಚಿದೆ.

ಅರ್ಧ ನಿಮಿಷವೂ ಆಗಿರಲಿಲ್ಲ, ಕರೆಂಟ್ ಹೋಯಿತು. ಮಿಕ್ಸರ್ ನಿಂತಿತು. ನಿಂತ ಮೇಲೆ ಒಂದು ಕೂಗು ಉಳಿಯಿತು. ಅದು ಮನುಷ್ಯರ ಕೂಗು ಎಂದು ತಿಳಿಯಲು ನನಗೆ ಒಂದು ಗಳಿಗೆ ಬೇಕಾಯಿತು. ಓಡಿ ಹೋಗಿ ನೋಡಿದರೆ ಅತ್ತೆ ಮಂಚದ ಸರಳು ಹಿಡಿದು ಅರ್ಧ ಎದ್ದಿದ್ದರು. ಬಾಯಿಗೆ ಸೆರಗು ತುರುಕಿಕೊಂಡಿದ್ದರು. ಹಣೆಯ ಕುಂಕುಮ ಬೆವರಿಗೆ ಇಳಿದು ಮೂಗಿನವರೆಗೆ ಬಂದಿತ್ತು. ನನ್ನನ್ನು ನೋಡಿ ಕಳ್ಳತನದಲ್ಲಿ ಸಿಕ್ಕಿಬಿದ್ದವರ ಹಾಗೆ ಮುಖ ತಿರುಗಿಸಿದರು.

ನನಗೆ ಅಳು ಬರಬೇಕಿತ್ತು, ಬಂದದ್ದು ಸಿಟ್ಟು. ಎಷ್ಟು ದಿನದಿಂದ ಹೀಗೆ ಎಂದು ಜೋರಾಗಿಯೇ ಕೇಳಿದೆ. ಭೋಂಗಾದ ನೆನಪು ಆಗ ನನಗೇ ಬಂತು. ಬೆಳಗಿನದು, ಮಧ್ಯಾಹ್ನದ್ದು, ಸಂಜೆಯದು. ತಿಂಗಳುಗಟ್ಟಲೆ ದಿನಕ್ಕೆ ಮೂರು ಸಲ ಪಕ್ಕದ ಕೋಣೆಯಲ್ಲೇ ಈ ಕೂಗು ಇತ್ತು, ನಾನು ಚಪಾತಿ ಲಟ್ಟಿಸುತ್ತ ಇದ್ದೆ. ನಮಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ನೋವು ನಂದು," ಎಂದರು ಅತ್ತೆ. "ಅದನ್ನ ನಿಮ್ಮ ತಾಟಿನ್ಯಾಗ ಯಾಕ ಬಡಸಲಿ?"

ಮರುದಿನ ರಜೆ ಹಾಕಿ ಒಬ್ಬಳೇ ಕ್ಯಾನ್ಸರ್ ಡಾಕ್ಟರ ಬಳಿ ಹೋದೆ. ಗಂಡನನ್ನು ಕರೆದೊಯ್ಯಲಿಲ್ಲ. ಅವರು ಒಳ್ಳೆಯವರು, ತಾಯಿಯ ನೋವಿನ ಎದುರು ನಿಲ್ಲಲಾರದಷ್ಟು ಒಳ್ಳೆಯವರು. ಡಾಕ್ಟರ ಮುಂದೆ ಕೂತು ಎಲ್ಲ ಒಪ್ಪಿಸಿದೆ: ಒಂಬತ್ತು ಗಂಟೆಯ ಮಾತ್ರೆ, ಇಳಕಲ್ ಸೀರೆ, ಭೋಂಗಾ, ಮಿಕ್ಸರ್. ಅವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಫೈಲು ತೆಗೆದು ತಾವು ಬರೆದದ್ದನ್ನೇ ಹಾಳೆ ಹಾಳೆ ಮಗುಚಿ ನೋಡಿದರು. ಏಳುವಾಗ ಹೊರಳುವಾಗ ಮಾತ್ರ ಇಷ್ಟು ನೋವಾದರೆ, ರೋಗ ತಿಂದ ಎಲುಬು ಮುರಿದು ಕುಸಿದಿರಬಹುದು, ಮುರಿದ ಎಲುಬನ್ನು ಮಾತ್ರೆ ಹಿಡಿದು ನಿಲ್ಲಿಸಲಾರದು ಎಂದರು. ಅದಕ್ಕೆ ಈಗ ಬೇರೆ ದಾರಿ ಇದೆ, ಬೆನ್ನು ಕೊಯ್ಯುವುದಿಲ್ಲ, ಎಕ್ಸ್‌ರೇ ನೋಡುತ್ತ ಸೂಜಿಯಿಂದ ಎಲುಬಿನ ಒಳಗೆ ಸಿಮೆಂಟ್ ತುಂಬುತ್ತಾರೆ ಎಂದು ಹೇಳಿ, ಮಗರಪಟ್ಟಾದ ಆಸ್ಪತ್ರೆಯಲ್ಲಿ ಅದನ್ನು ಮಾಡುವ ಇನ್ನೊಬ್ಬ ಡಾಕ್ಟರಿಗೆ ಚೀಟಿ ಬರೆದುಕೊಟ್ಟರು. ಸಿಮೆಂಟ್ ಎಂಬ ಮಾತು ಕೇಳಿ ನಾನು ಎರಡು ಸಲ ಖಾತ್ರಿ ಮಾಡಿಕೊಂಡೆ.

ಹೊಸ ಸ್ಕ್ಯಾನ್ ಆಯಿತು. ಸೂಜಿಯ ಡಾಕ್ಟರನ್ನು ಕಾಣುವ ದಿನ ನಾನು ಇಳಕಲ್ ಸೀರೆ ತೆಗೆಯಲಿಲ್ಲ, ಒಂಬತ್ತಕ್ಕೆ ಮಾತ್ರೆಯನ್ನೂ ಕೊಡಲಿಲ್ಲ. ಮನೆಯಲ್ಲಿ ಉಡುವ ಮೆತ್ತನೆಯ ನೂಲಿನ ಸೀರೆಯಲ್ಲೇ ಹೊರಡಿಸಿದೆ. ಭಿಕ್ಷೆ ಬೇಡಲು ಹೊರಟ ಹಾಗಾಯಿತು ಎಂದು ಅತ್ತೆ ಮುನಿಸಿಕೊಂಡರು. ಪಕ್ಕದ ಮನೆಯವರ ಕಾರಿನ ಹಿಂದಿನ ಸೀಟಿನಲ್ಲಿ ದಿಂಬು ಜೋಡಿಸಿ ಮಲಗಿಸಿದ್ದೆವು. ಖಡಕಿಯಿಂದ ಮಗರಪಟ್ಟಾದವರೆಗೆ ಎಷ್ಟು ಸ್ಪೀಡ್‌ಬ್ರೇಕರ್ ಇವೆ ಎಂದು ಅಂದು ನನಗೆ ತಿಳಿಯಿತು. ಪ್ರತಿಯೊಂದಕ್ಕೂ ಅವರು ನನ್ನ ಕಡೆ ನೋಡುತ್ತಿದ್ದರು, ಇದೂ ನಿನ್ನಿಂದಲೇ ಎನ್ನುವ ಹಾಗೆ.

ಈ ಡಾಕ್ಟರು ಮಾತು ಕಡಿಮೆಯ ಮನುಷ್ಯ. ಸ್ಕ್ಯಾನಿನ ಚಿತ್ರವನ್ನು ಬೆಳಕಿಗೆ ಹಿಡಿದು ತೋರಿಸಿದರು. ಸೊಂಟದ ಸ್ವಲ್ಪ ಮೇಲೆ ಎರಡು ಎಲುಬು ಕುಸಿದಿದ್ದವು. ಚಿತ್ರದಲ್ಲಿ ಎರಡೂ ಕೆಟ್ಟಿವೆ, ಆದರೆ ನೋಯುತ್ತಿರುವುದು ಒಂದೇ ಇರಬಹುದು, ಅದು ಯಾವುದು ಎಂದು ಬೆರಳಿಗೇ ಗೊತ್ತಾಗಬೇಕು, ಆದ್ದರಿಂದ ನೋವಾದಾಗ ಹೇಳಿ ಎಂದರು. ಅತ್ತೆಯನ್ನು ಒಂದು ಮಗ್ಗುಲಿಗೆ ಮಲಗಿಸಿ ಕೆಳಗಿನಿಂದ ಒಂದೊಂದೇ ಗಂಟು ಒತ್ತುತ್ತ ಬಂದರು. ಅತ್ತೆ ನನ್ನ ಮಣಿಕಟ್ಟು ಹಿಡಿದುಕೊಂಡಿದ್ದರು. ಇಲ್ಲಿ ಎಂದು ಕೇಳಿದರು ಡಾಕ್ಟರು. ಏನಿಲ್ಲ ಎಂದರು ಅತ್ತೆ. ಇಲ್ಲಿ. ಏನಿಲ್ಲ. ಮುಂದಿನ ಗಂಟಿಗೂ ಏನಿಲ್ಲ ಎಂದೇ ಅಂದರು, ದನಿಯೂ ಬದಲಾಗಲಿಲ್ಲ. ಆದರೆ ನನ್ನ ಕೈಯಲ್ಲಿದ್ದ ಗಾಜಿನ ಬಳೆ ಎರಡು, ಅವರ ಹಿಡಿತಕ್ಕೆ ಚೂರಾಗಿ ನೆಲಕ್ಕೆ ಬಿದ್ದವು.

ಡಾಕ್ಟರು ನೆಲ ನೋಡಿದರು, ನನ್ನ ಮಣಿಕಟ್ಟಿನ ರಕ್ತ ನೋಡಿದರು. ಪೆನ್ನು ತೆಗೆದು ಆ ಗಂಟಿನ ಮೇಲೆ ಗುರುತು ಹಾಕಿದರು. ಅತ್ತೆಗೆ ತಮ್ಮ ಬೆನ್ನಿನದು ಮರೆತೇಹೋಯಿತು. ಮುತ್ತೈದೆಯ ಬಳೆ ತಮ್ಮ ಕೈಯಿಂದ ಹೋದವಲ್ಲ ಎಂದು ಕಣ್ಣಲ್ಲಿ ನೀರು ತಂದುಕೊಂಡರು. ಐದು ತಿಂಗಳಲ್ಲಿ ಅವರು ನನ್ನೆದುರು ಅತ್ತದ್ದು ಅದೇ ಮೊದಲು, ಅದೂ ನನ್ನ ಗಂಡನ ಆಯುಷ್ಯಕ್ಕಾಗಿ.

ಆಮೇಲೆ ಡಾಕ್ಟರು ಒಂದು ಹಾಳೆಯಲ್ಲಿ ಎಲುಬಿನ ಚಿತ್ರ ಬರೆದು ಅತ್ತೆಗೇ ವಿವರಿಸಿದರು. ಇದರಿಂದ ರೋಗ ಹೋಗುವುದಿಲ್ಲ, ಅದರ ಔಷಧ ಅದರ ಪಾಡಿಗೆ ನಡೆಯಬೇಕು. ಇದು ಮುರಿದ ಎಲುಬಿನ ನೋವಿಗೆ ಮಾತ್ರ. ಪೂರ್ತಿ ನಿದ್ದೆ ಬರಿಸುವುದಿಲ್ಲ, ಚರ್ಮ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಎರಡೂ ಬದಿಯಿಂದ ಒಂದೊಂದು ಸೂಜಿ ಇಳಿಸುತ್ತೇವೆ. ಎಚ್ಚರ ಇರಬೇಕು, ಯಾಕೆಂದರೆ ಎಲುಬಿನ ಪಕ್ಕದಲ್ಲೇ ಕಾಲಿಗೆ ಹೋಗುವ ನರ ಇದೆ. ಅಪರೂಪಕ್ಕೆ ಸಿಮೆಂಟ್ ಆ ಕಡೆ ಜಿನುಗಬಹುದು. ಎಕ್ಸ್‌ರೇಯಲ್ಲಿ ನಾವು ನೋಡುತ್ತೇವೆ, ಆದರೆ ಮೊದಲು ಗೊತ್ತಾಗುವುದು ನಿಮಗೆ. ಕಾಲಿನಲ್ಲಿ ಏನೇ ಆದರೂ ಆ ಕ್ಷಣ ಹೇಳಬೇಕು. ತಡವಾದರೆ ಕಾಲಿನ ಬಲ ಹೋಗಬಹುದು.

ಅತ್ತೆ ಗಂಭೀರವಾಗಿ ತಲೆಯಾಡಿಸಿದರು. ಡಾಕ್ಟರು ಅವರನ್ನು ನೋಡಿದರು, ನೆಲದ ಮೇಲಿದ್ದ ಬಳೆ ಚೂರನ್ನು ನೋಡಿದರು, ಕೊನೆಗೆ ನನ್ನನ್ನು ನೋಡಿ, ನೀವೂ ಒಳಗೆ ಬನ್ನಿ ಎಂದರು.

ತಿರುಗಿ ಬರುವಾಗ ಕಾರಿನಲ್ಲಿ ಅತ್ತೆಯ ಮುನಿಸು ಸ್ವಲ್ಪ ಇಳಿದಿತ್ತು. ನಿನ್ನ ಮಾವ ಜೀವನವಿಡೀ ಸ್ಟೋರಿನಲ್ಲಿ ಸಿಮೆಂಟ್ ಚೀಲ ಕಾದರು, ಒಂದು ಹಿಡಿ ಮನೆಗೆ ತಂದವರಲ್ಲ, ನನ್ನ ಪಾಲಿನದು ಈಗ ಬಂತು ನೋಡು ಎಂದರು. ನನ್ನ ಗಂಡ ಮುಂದಿನ ಸೀಟಿನಲ್ಲಿ ಕೂತು ನಕ್ಕರು. ನನಗೆ ನಗು ಬರಲಿಲ್ಲ. ಸತ್ಯ ಹೇಳಿದರೆ ಮಾತ್ರ ಕಾಲು ಉಳಿಯುತ್ತದೆ ಎಂಬ ಜಾಗಕ್ಕೆ ಸತ್ಯ ಹೇಳಲು ಬಾರದವರನ್ನು ಕರೆದೊಯ್ಯುತ್ತಿದ್ದೆ. ಮಾಡಿಸಿದರೆ ಕಾಲು ಹೋದೀತು, ಬಿಟ್ಟರೆ ಸೆರಗು ಬಾಯಲ್ಲೇ ಇರುತ್ತದೆ. ಬಿಸಿ ತುಪ್ಪ ನುಂಗಲೂ ಆಗದು ಉಗುಳಲೂ ಆಗದು ಎನ್ನುವುದು ಇದಕ್ಕೇ.

ಆ ಒಂದು ವಾರ ಅತ್ತೆಗೆ ದಿನಾ ಪಾಠ ಹೇಳಿದೆ. ಕಾಲು ಜುಮ್ಮೆಂದರೆ ಏನು ಹೇಳಬೇಕು, ಉರಿದರೆ ಏನು ಹೇಳಬೇಕು. ಹೂಂ ಹೂಂ ಎನ್ನುತ್ತಿದ್ದರು. ಅವರ ಹೂಂಗೆ ಎಷ್ಟು ಬೆಲೆ ಎಂದು ನನಗೆ ಗೊತ್ತಿತ್ತು. ಹೋಗುವ ದಿನ ಬೆಳಿಗ್ಗೆ ತಲೆ ಬಾಚುವಾಗ ಕೊನೆಯ ಸಲ ಹೇಳಿದೆ.

"ಅತ್ತೀ, ದೊಡ್ಡವರ ಮುಂದ ಸುಮ್ಮನ ಇರೂದು ಮರ್ಯಾದಿ ಅಂತೀರಿ. ಆ ಡಾಕ್ಟರಿಗೆ ನಿಮ್ಮ ಬೆನ್ನಿನ ಒಳಗಿಂದು ಕಾಣ್ತದ, ನಿಮ್ಮ ನೋವು ಕಾಣೂದಿಲ್ಲ. ಅವರಿಗೆ ಖರೇ ಹೇಳೂದೇ ಮರ್ಯಾದಿರಿ."

ಅವರು ಹೆರಳು ಬಿಗಿಯಾಯಿತು ಎಂದು ಮಾತ್ರ ಅಂದರು.

ಒಳಗೆ ಎಕ್ಸ್‌ರೇಯ ಕಿರಣ ತಾಗದಂತೆ ನನಗೆ ಸೀಸದ ಏಪ್ರನ್ ಹಾಕಿದರು. ಒಂದು ಮೂಟೆ ಹೊತ್ತಷ್ಟು ಭಾರ. ಬಳೆ ತೆಗೆಸಿದರು. ಅತ್ತೆಯನ್ನು ಎದೆಯ ಕೆಳಗೆ ದಿಂಬು ಕೊಟ್ಟು ಬೋರಲು ಮಲಗಿಸಿ, ಬೆನ್ನಿನ ಒಂದು ಅಂಗೈ ಅಗಲ ಬಿಟ್ಟು ಉಳಿದ ಮೈಯನ್ನೆಲ್ಲ ಹಸಿರು ಬಟ್ಟೆಯಿಂದ ಮುಚ್ಚಿದರು. ಅಷ್ಟೇ ತೆರೆದಿದೆಯಲ್ಲವೇ ಎಂದು ಅತ್ತೆ ನನ್ನನ್ನು ಕೇಳಿದರು. ಅಷ್ಟೇ ಎಂದೆ. ಅವರ ಮುಖದ ಹತ್ತಿರ ಸ್ಟೂಲ್ ಹಾಕಿಕೊಂಡು ಕೂತು ಕೈ ಹಿಡಿದುಕೊಂಡೆ.

ಇಂಜೆಕ್ಷನ್ ಕೊಟ್ಟರು. ಸೂಜಿ ಇಟ್ಟು ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟತೊಡಗಿದರು, ಅಕ್ಕಸಾಲಿಗರ ಅಂಗಡಿಯಲ್ಲಿ ಕೇಳುವಂಥ ಸದ್ದು. ನಡುನಡುವೆ ಡಾಕ್ಟರು, ಬರಂ ಆಹೇ ಕಾ ಆಜಿ, ಆರಾಮವೇ ಅಜ್ಜಿ, ಎಂದು ಕೇಳುತ್ತಿದ್ದರು. ಅತ್ತೆ ಬರಂ ಆಹೇ ಎನ್ನುತ್ತಿದ್ದರು. ನಾನು ಅವರ ಬಾಯಿ ನೋಡುತ್ತಿರಲಿಲ್ಲ, ಕೈ ನೋಡುತ್ತಿದ್ದೆ. ಎರಡೂ ಸೂಜಿ ಇಳಿದವು. ಒಬ್ಬ ನರ್ಸ್ ಬಟ್ಟಲಿನಲ್ಲಿ ಪುಡಿ ಮತ್ತು ದ್ರವ ಕಲಸಿ, ಹಲ್ಲುಜ್ಜುವ ಪೇಸ್ಟಿನಷ್ಟು ಗಟ್ಟಿಯಾಗುವವರೆಗೆ ಕಾದು, ಡಾಕ್ಟರ ಕೈಗೆ ಕೊಟ್ಟರು. ಇನ್ನು ಎಲ್ಲರೂ ಸುಮ್ಮನಿರಿ ಎಂದು ಹೇಳಿ ಡಾಕ್ಟರು ಪರದೆಯ ಮೇಲೆ ಕಣ್ಣು ನೆಟ್ಟರು. ಬಲಗಡೆಯ ಸೂಜಿಯಿಂದ ಸಿಮೆಂಟ್ ಇಳಿಯತೊಡಗಿತು.

ಅತ್ತೆಯ ಬೆರಳು ನನ್ನ ಅಂಗೈಯಲ್ಲಿ ಸೆಟೆದವು. ರವಿವಾರ ನೋಡಿದ ಮುಖವೇ ಅದು. ನಾನು ಬಗ್ಗಿ ಏನಾಯಿತು ಎಂದು ಕೇಳಿದೆ. ಅತ್ತೆ ಏನಿ... ಎಂದರು. ಅಲ್ಲಿಗೇ ನಿಂತರು. ನನ್ನನ್ನೇ ನೋಡಿದರು. ಆ ಒಂದು ಗಳಿಗೆ ನನಗೆ ಈ ಜನ್ಮದಲ್ಲಿ ಮುಗಿಯಲಾರದಷ್ಟು ಉದ್ದವಾಯಿತು. ನಾನು ಬಾಯಿ ಹಾಕಬಹುದಿತ್ತು. ಆದರೆ ಎಲ್ಲಿ, ಯಾವ ಕಾಲು, ನನಗೇನು ಗೊತ್ತು.

"ಬಲಗಾಲಾಗ ಮಿಂಚು ಹೊಡದಾಂಗ ಆತು," ಎಂದರು ಅತ್ತೆ. ಮೆಲ್ಲಗಲ್ಲ, ಇಡೀ ಕೋಣೆಗೆ ಕೇಳುವ ಹಾಗೆ. "ನೋಯಾಕ ಹತ್ತೇದ. ಭಾಳ ನೋಯಾಕ ಹತ್ತೇದ. ನಿಲ್ಲಸ್ರಿ."

ಡಾಕ್ಟರಿಗೆ ಕನ್ನಡದ ಒಂದಕ್ಷರ ಬರುತ್ತಿರಲಿಲ್ಲ. ಆದರೂ ನಾನು ಮರಾಠಿಗೆ ತಿರುಗಿಸುವ ಮೊದಲೇ ಅವರ ಕೈ ನಿಂತಿತ್ತು. ಯಂತ್ರವನ್ನು ಪಕ್ಕಕ್ಕೆ ಹೊರಳಿಸಿ ಇನ್ನೊಂದು ಚಿತ್ರ ತೆಗೆದರು, ಅದರ ಹತ್ತಿರ ಮುಖ ಒಯ್ದು ನೋಡಿದರು. ಕಾಲ್ಬೆರಳು ಅಲ್ಲಾಡಿಸಲು ಹೇಳಿದರು. ಅತ್ತೆ ಎರಡೂ ಕಾಲಿನ ಬೆರಳು ಅಲ್ಲಾಡಿಸಿದರು. ನೋವು ಇಳಿಯುತ್ತಿದೆಯೇ ಎಂದು ಕೇಳಿದರು. ಸ್ವಲ್ಪ ಇಳಿಯಿತು, ಪೂರ್ತಿ ಇಲ್ಲ ಎಂದು ಅತ್ತೆ ಅಳೆದು ಹೇಳಿದರು. ಕೆಲವು ನಿಮಿಷ ಬಿಟ್ಟು ಮತ್ತೆ ಕೇಳಿದಾಗ, ಈಗ ಇಲ್ಲ ಎಂದರು. ಉಳಿದ ಸಿಮೆಂಟನ್ನು ಎಡಗಡೆಯ ಸೂಜಿಯಿಂದ ಇಷ್ಟಿಷ್ಟೇ ಇಳಿಸಿದರು. ಈಗ ಅತ್ತೆಯ ಬಾಯಿಗೆ ಬಿಡುವೇ ಇಲ್ಲ. ಒತ್ತಿದ ಹಾಗಾಯಿತು, ಬಿಸಿಯಾಯಿತು, ಏನೂ ಆಗಲಿಲ್ಲ ಎಂದು ವರದಿ ಒಪ್ಪಿಸುತ್ತಲೇ ಇದ್ದರು, ನಾನು ಮರಾಠಿ ಮಾಡುತ್ತಲೇ ಇದ್ದೆ. ಮುಗಿದ ಮೇಲೆ ಡಾಕ್ಟರು ಹೊರಗೆ ಬಂದು ಕೈಗವಸು ಕಳಚುತ್ತ, ಒಂದು ಹನಿ ನರದ ಕಡೆ ಹೊರಟಿತ್ತು, ಅವರು ಆಗಲೇ ಹೇಳಿದ್ದರಿಂದ ಹನಿಯಾಗಿಯೇ ಉಳಿಯಿತು ಎಂದರು. ತಲೆಗೆ ಬಂದದ್ದು ಮುಂಡಾಸಿಗೆ ಹೋಗಿತ್ತು. ನಾನು ಅಲ್ಲೇ ಬೆಂಚಿನ ಮೇಲೆ ಕೂತೆ, ಏಪ್ರನ್ ತೆಗೆಯುವುದನ್ನೂ ಮರೆತು.

ಸಂಜೆ ನಾಲ್ಕರ ಹೊತ್ತಿಗೆ ಅವರನ್ನು ಎಬ್ಬಿಸಬಹುದು ಎಂದರು. ಇವರು ಒಂದು ಕಡೆ ನಾನು ಒಂದು ಕಡೆ ನಿಂತೆವು. ಅತ್ತೆ ಅಭ್ಯಾಸಬಲದಿಂದ ಮೊದಲೇ ಹಲ್ಲು ಕಚ್ಚಿ ಕಣ್ಣು ಮುಚ್ಚಿಕೊಂಡರು. ಹೊರಳಿದರು, ಕೂತರು. ಕಣ್ಣು ತೆರೆದು ಅನುಮಾನದಿಂದ ನಮ್ಮಿಬ್ಬರನ್ನೂ ನೋಡಿದರು. ಕಾಲು ಕೆಳಗಿಟ್ಟು ನಿಂತರು. ಸೂಜಿ ಚುಚ್ಚಿದ ಕಡೆ ಉರಿ ಇದೆ, ಒಳಗಿನದು ಕಾಣುತ್ತಿಲ್ಲ ಎಂದು, ಕಳೆದುಹೋದ ವಸ್ತುವನ್ನು ಹುಡುಕುವವರ ಹಾಗೆ ಸೊಂಟ ಮುಟ್ಟಿ ಮುಟ್ಟಿ ನೋಡಿಕೊಂಡರು. ಕಿಟಕಿಯವರೆಗೆ ನಡೆದು ಹೊಸ ಕಟ್ಟಡಗಳನ್ನು ನೋಡಿ, ಇಷ್ಟು ಎತ್ತರ ಯಾಕೆ ಕಟ್ಟುತ್ತಾರೆ, ಮೇಲೆ ಇರುವವರು ಹಪ್ಪಳ ಎಲ್ಲಿ ಒಣಗಿಸಬೇಕು ಎಂದು ಕೇಳಿದರು. ನನ್ನ ಗಂಡ ಗೋಡೆಗೆ ಮುಖ ಮಾಡಿ ಅತ್ತರು.

ರೋಗ ಹೋಗಲಿಲ್ಲ. ಹೋಗುವುದಿಲ್ಲ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಅದು ಆಮೇಲೆ ಬೇರೆ ಕಡೆಯೂ ಕಾಣಿಸಿಕೊಂಡಿತು, ಇನ್ನೊಮ್ಮೆ ವಿಕಿರಣ ಕೊಡಿಸಬೇಕಾಯಿತು. ಆದರೂ ಅತ್ತೆ ಎರಡೂವರೆ ವರ್ಷ ನಮ್ಮ ಜೊತೆ ನಡೆದಾಡಿಕೊಂಡು ಇದ್ದರು. ಕ್ಯಾನ್ಸರ್ ಡಾಕ್ಟರ ಬಳಿ ಹೋಗುವಾಗ ಮತ್ತೆ ಇಳಕಲ್ ಸೀರೆಯನ್ನೇ ಉಡುತ್ತಿದ್ದರು, ಅದನ್ನು ಬಿಡಿಸಲು ನನ್ನಿಂದ ಆಗಲಿಲ್ಲ. ಆದರೆ ಉಟ್ಟ ಸೀರೆಯಲ್ಲಿ ನೆಟ್ಟಗೆ ಕೂತು, ಎಲ್ಲಿ, ಯಾವಾಗ, ಎಷ್ಟು ಎಂದು ನೋವಿನ ವಿವರ ಕೊಡಲು ಶುರು ಮಾಡಿದರೆ ಡಾಕ್ಟರೇ ಗಡಿಯಾರ ನೋಡಬೇಕಾಗುತ್ತಿತ್ತು. ಈಗ ಅತಿಯಾಯಿತು ಎಂದು ನಾನು ಛೇಡಿಸುತ್ತಿದ್ದೆ.

ಆ ವರ್ಷಗಳಲ್ಲಿ ನನಗೆ ಹೆಚ್ಚು ನೆನಪಿರುವುದು ಒಂದು ಬೆಳಿಗ್ಗೆ. ಸೂಜಿಯ ಜಾಗಕ್ಕೆ ಹಚ್ಚಿದ ಪಟ್ಟಿ ತೆಗೆಯುವವರೆಗೆ, ಮೂರು ದಿನ, ನೀರು ತಾಗಬಾರದೆಂದಿದ್ದರು. ನಾಲ್ಕನೇ ದಿನ ಅತ್ತೆ ತಾವೇ ಟವೆಲ್ ಹೆಗಲಿಗೆ ಹಾಕಿಕೊಂಡು ಬಚ್ಚಲಿಗೆ ಹೋದರು. ಬಕೆಟ್ಟನ್ನು ಮಾತ್ರ ನಾನು ಸ್ಟೂಲಿನ ಹತ್ತಿರ ಇಟ್ಟು ಹೊರಗೆ ಬಂದೆ. ಒಳಗೆ ಚಿಲಕ ಬಿತ್ತು. ಆ ಸದ್ದಿಗೆ ನನ್ನ ಕಣ್ಣು ತುಂಬಿತು, ಸುಳ್ಳು ಯಾಕೆ ಹೇಳಲಿ. ಜಾರಿಬಿದ್ದರೆ ಎಂಬ ಹೆದರಿಕೆಯಿಂದ ಬಾಗಿಲ ಹೊರಗೇ ನೆಲದ ಮೇಲೆ ಕೂತೆ. ನೀರು ಬೀಳುವುದು ಕೇಳಿಸಿತು, ತಂಬಿಗೆ ಬಕೆಟ್ಟಿಗೆ ತಾಗುವುದು ಕೇಳಿಸಿತು, ಸಾಬೂನು ಬಿದ್ದದ್ದು, ಅವರು ಅದಕ್ಕೆ ಬೈದದ್ದು ಕೇಳಿಸಿತು. ಬಹಳ ಹೊತ್ತು ಆಯಿತು. ಕಚೇರಿಗೆ ತಡವಾಗುತ್ತಿತ್ತು, ನಾನು ಏಳಲಿಲ್ಲ.

ಆಮೇಲೆ ನೀರಿನ ಸದ್ದು ನಿಂತಿತು. ಚಿಲಕ ತೆಗೆದ ಸದ್ದಾಯಿತು. ಬಾಗಿಲು ಅರ್ಧ ತೆರೆಯಿತು, ಯಾರೂ ಹೊರಗೆ ಬರಲಿಲ್ಲ. ಒಳಗೆ ಹೋದೆ. ಅತ್ತೆ ನನ್ನ ಕಡೆ ಬೆನ್ನು ಮಾಡಿ ಸ್ಟೂಲಿನ ಮೇಲೆ ಕೂತಿದ್ದರು. ಲಂಗ ಸೊಂಟಕ್ಕಿತ್ತು. ಹೆಗಲ ಮೇಲೆ ಟವೆಲ್ ಇರಲಿಲ್ಲ. ಬೆನ್ನ ನಡುವೆ ಎರಡು ಸಣ್ಣ ಚುಕ್ಕೆಗಳಿದ್ದವು, ಇಷ್ಟಕ್ಕೇ ಇಷ್ಟೆಲ್ಲವೇ ಎನ್ನುವಷ್ಟು ಸಣ್ಣವು. ಎಡಗಂಕುಳ ಕೆಳಗಿನಿಂದ ಮುಂದಕ್ಕೆ ಹೋದ ಹಳೆಯ ಗೆರೆಯ ತುದಿಯೂ ಕಾಣುತ್ತಿತ್ತು. ಅವರು ಅದನ್ನು ಮುಚ್ಚಿಕೊಳ್ಳಲಿಲ್ಲ. ಕೈ ಹಿಂದೆ ಚಾಚಿ ಸಾಬೂನನ್ನು ನನಗೆ ಕೊಟ್ಟರು.

"ಎಲ್ಲಾ ನಾನೇ ಮಾಡ್ಕೊಂಡೆ," ಎಂದರು. "ಬೆನ್ನ ಒಂದು ನೀ ತಿಕ್ಕು. ಎಡಕ್ಕ ಹಗೂರ ತಿಕ್ಕವಾ, ಅಲ್ಲೆ ಇನ್ನೂ ನೋಯ್ತದ."